ಅಂತರಿಕ್ಷದಲ್ಲಿ ನೆರೆಹೊರೆಯ ಧರ್ಮ

ಪಟ್ಟಣಗಳಲ್ಲಿ ವಾಸವಾಗಿರುವ ನಮ್ಮ ವಾಚಕರಲ್ಲಿ ಈ ಅನುಭವವಾಗದವರು ವಿರಳ. ಸಂಜೆಯ ವಾರ್ತೆಯನ್ನು ನೋಡುತ್ತ ಕುಳಿತಿರುವಾಗ ದೂರದರ್ಶನದ ಚಿತ್ರವು ಒಮ್ಮೆಲೆ ಚೌಕಚೌಕವಾಗಿ ಒಡೆದುಹೋಗುತ್ತದೆ, ಮಾತು ತುಂಡುತುಂಡಾಗುತ್ತದೆ, ಕ್ಷಣಕಾಲದಲ್ಲಿ ಪರದೆಯೇ ಕಪ್ಪಾಗುತ್ತದೆ. ಉಪಗ್ರಹದ ಮೂಲಕ ಲೆಕ್ಕಪತ್ರ ನಡೆಯಿಸುವ ಗ್ರಾಮಾಂತರದ ಬ್ಯಾಂಕಿನಲ್ಲಾದರೆ ‘ಸಂಪರ್ಕವಿಲ್ಲ, ನಾಳೆ ಬನ್ನಿ’ ಎಂಬ ಉತ್ತರ ದೊರೆಯುತ್ತದೆ. ಮಳೆಯಿದ್ದರೆ ಮಳೆಯನ್ನೂ, ಮಳೆಯಿಲ್ಲದಿದ್ದರೆ ಕೇಬಲ್ಲಿನವನನ್ನೂ, ಅವನು ಕೈಗೆ ಸಿಕ್ಕದಿದ್ದರೆ ಮೇಲಿರುವ ಉಪಗ್ರಹವನ್ನೂ ದೂಷಿಸಿ ಸುಮ್ಮನಾಗುವುದು ರೂಢಿ. ಅನೇಕ ವೇಳೆ ದೋಷವು ಈ ಮೂರರಲ್ಲಿ ಯಾವುದರದೂ ಆಗಿರುವುದಿಲ್ಲ. ಎಲ್ಲಿಯೋ ನೂರಾರು ಕಿಲೋಮೀಟರ್ ದೂರದಲ್ಲಿ, ತನ್ನ ತಟ್ಟೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸದೆ ಗುಂಡಿಯನ್ನು ಒತ್ತಿದ ಒಬ್ಬ ನೌಕರನ ಅಜಾಗ್ರತೆಯು ಸಾವಿರಾರು ಮನೆಗಳ ಚಿತ್ರವನ್ನು ಕೆಡಿಸಿರುತ್ತದೆ.

ಒಬ್ಬರ ಸಂಕೇತದ ಮೇಲೆ ಇನ್ನೊಬ್ಬರ ಸಂಕೇತ ಬಿದ್ದು ಕೆಡುವ ಈ ಪೀಡೆಗೆ ‘ಅಡಚಣೆ’ ಎಂದು ಹೆಸರಿಡೋಣ. ಇದು ಯಂತ್ರಶಾಸ್ತ್ರಜ್ಞರ ಕೋಣೆಯೊಳಗೇ ಮುಗಿಯತಕ್ಕ ವಿಷಯ, ಇದರಲ್ಲಿ ಸಾಮಾನ್ಯ ನಾಗರಿಕನಿಗೂ ಅಧಿಕಾರಿವರ್ಗಕ್ಕೂ ಏನು ಕೆಲಸ ಎಂದು ಕೆಲವರು ಕೇಳಬಹುದು. ನಾವು ಹಾಗೆ ಭಾವಿಸುವುದಿಲ್ಲ. ಉಪಗ್ರಹ ಸಂಪರ್ಕಕ್ಕೆ ಒದಗುವ ಬಾಧೆಯಲ್ಲಿ ಶತ್ರುವಿನ ಕೈವಾಡಕ್ಕಿಂತ ನೆರೆಯವನ ಅಜಾಗ್ರತೆಯ ಪಾಲೇ ಹೆಚ್ಚಿನದು. ಆದುದರಿಂದ ಅದರ ಪರಿಹಾರದಲ್ಲಿ ಯಂತ್ರಕ್ಕೆ ಎಷ್ಟು ಪಾತ್ರವುಂಟೋ ಶಿಸ್ತಿಗೂ ಪರಸ್ಪರ ಒಪ್ಪಂದಕ್ಕೂ ಅಷ್ಟೇ ಪಾತ್ರವುಂಟು. ಈ ಮಾತನ್ನು ವಾಚಕರ ಮುಂದೆ ಸಪ್ರಮಾಣವಾಗಿ ಇಡುವುದೇ ಇಂದಿನ ನಮ್ಮ ಉದ್ದೇಶ.

ಮೊದಲು ಈ ಸಂಕೇತದ ಬಡತನವನ್ನು ತಿಳಿಯಬೇಕು. ಭೂಮಧ್ಯರೇಖೆಯ ನೇರಕ್ಕೆ 35,786 ಕಿಲೋಮೀಟರ್ ಎತ್ತರದಲ್ಲಿ ಇರಿಸಿದ ಉಪಗ್ರಹವು ಭೂಮಿಯ ಸಂಗಡಲೇ ತಿರುಗುವುದರಿಂದ ಕೆಳಗಿನಿಂದ ನೋಡುವವರಿಗೆ ಆಕಾಶದಲ್ಲಿ ಒಂದೇ ಸ್ಥಳದಲ್ಲಿ ನಿಂತಂತೆ ತೋರುತ್ತದೆ. ಇಂಥ ಕಕ್ಷೆಯಿಂದ ಲೋಕಕ್ಕೆಲ್ಲ ವಾರ್ತೆಯನ್ನು ಮುಟ್ಟಿಸಬಹುದೆಂದು ಆರ್ಥರ್ ಸಿ. ಕ್ಲಾರ್ಕರು 1945ರಲ್ಲಿಯೇ ಬರೆದಿದ್ದರು. ಅಲ್ಲಿರುವ ಒಂದೊಂದು ಪ್ರಸಾರಕದ ಶಕ್ತಿಯು ಸಾಮಾನ್ಯವಾಗಿ ಕೆಲವು ಹತ್ತು ವಾಟುಗಳಿಂದ ನೂರು ವಾಟುಗಳ ಆಸುಪಾಸಿನದು. ಹಳೆಯ ಕಾಲದ ಮನೆಯ ವಿದ್ಯುದ್ದೀಪ ಒಂದರಷ್ಟು ಎಂದು ತಿಳಿಯಬಹುದು. ಆ ಶಕ್ತಿಯು ಒಂದು ದೇಶದ ಅಥವಾ ಒಂದು ಖಂಡದ ಮೇಲೆಲ್ಲ ಹರಡಿ, ನಮ್ಮ ಮಾಳಿಗೆಯ ಮೇಲಿನ ತಟ್ಟೆಯನ್ನು ಮುಟ್ಟುವ ಹೊತ್ತಿಗೆ ಒಂದು ವಾಟಿನ ಲಕ್ಷ ಕೋಟಿಯಲ್ಲೊಂದು ಪಾಲಿಗೆ ಇಳಿದಿರುತ್ತದೆ. ಪಿಸುಮಾತನ್ನು ಆಲಿಸುತ್ತಿರುವವನ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಮಾತು ತಪ್ಪಿಹೋಗುತ್ತದೆ. ಉಪಗ್ರಹದ ಸಂಕೇತದ ಸ್ಥಿತಿಯೂ ಅಂಥದೇ.

ಎರಡನೆಯದಾಗಿ ಸ್ಥಳದ ಪ್ರಶ್ನೆ. ಆ ಕಕ್ಷೆಯ ಸುತ್ತಳತೆಯು ಸುಮಾರು 2,65,000 ಕಿಲೋಮೀಟರ್. ಇಷ್ಟು ವಿಸ್ತಾರವಾದ ಬೀದಿಯಲ್ಲಿ ಮನೆಗಳಿಗೆ ಸ್ಥಳವಿಲ್ಲವೇ ಎಂದು ಯಾರಿಗಾದರೂ ತೋರಬಹುದು. ಆದರೆ ಇಲ್ಲಿ ಲೆಕ್ಕಕ್ಕೆ ಬರತಕ್ಕದ್ದು ಕೋನ. ಎರಡು ಡಿಗ್ರಿಗಳ ಅಂತರದಲ್ಲಿರುವ ಎರಡು ಉಪಗ್ರಹಗಳ ನಡುವೆ ಮೇಲೆ ಸುಮಾರು 1,470 ಕಿಲೋಮೀಟರ್ ಬಯಲಿದ್ದರೂ, ಕೆಳಗಿನ ತಟ್ಟೆಗೆ ಅವು ಒಂದರ ಪಕ್ಕದಲ್ಲೊಂದು ಕುಳಿತಂತೆಯೇ. 4 ಗಿಗಾಹರ್ಟ್ಸಿನ ಸಂಕೇತವನ್ನು ಹಿಡಿಯುವ 11 ಮೀಟರ್ ವ್ಯಾಸದ ದೊಡ್ಡ ತಟ್ಟೆಯ ದೃಷ್ಟಿಯು ಅರ್ಧ ಡಿಗ್ರಿಯಷ್ಟು ಕಿರಿದು. ಅದು ತನ್ನ ಉಪಗ್ರಹವನ್ನು ಬಿಟ್ಟು ಬೇರೊಂದನ್ನು ಕಾಣದು. ವ್ಯಾಸವು 2.4 ಮೀಟರಿಗೆ ಇಳಿದರೆ ದೃಷ್ಟಿಯು ಎರಡು ಡಿಗ್ರಿಗೆ ಹಿಗ್ಗುತ್ತದೆ. 1.2 ಮೀಟರಿನದಾದರೆ ನಾಲ್ಕು ಡಿಗ್ರಿಯನ್ನೂ ಮೀರಿ, ತನ್ನ ಉಪಗ್ರಹದೊಡನೆ ಎರಡು ಪಕ್ಕದ ನೆರೆಯವರನ್ನೂ ಒಟ್ಟಿಗೇ ನೋಡುತ್ತದೆ. ತಟ್ಟೆ ಚಿಕ್ಕದಾದಷ್ಟೂ ಬೆಲೆ ಅಗ್ಗ, ಕಟ್ಟುವುದು ಸುಲಭ. ಆದರೆ ನೆರೆಯವನ ಮಾತು ಒಳನುಗ್ಗುವುದೂ, ನಮ್ಮ ಮಾತು ನೆರೆಮನೆಗೆ ಸೋರುವುದೂ ಅಷ್ಟೇ ಸುಲಭ. 1983ರಲ್ಲಿ ಅಮೆರಿಕದ ಸರಕಾರವು ತನ್ನ ಉಪಗ್ರಹಗಳನ್ನು ಎರಡು ಡಿಗ್ರಿಗೊಂದರಂತೆ ಒತ್ತೊತ್ತಾಗಿ ಇರಿಸಲು ನಿಶ್ಚಯಿಸಿದಾಗ, ತಟ್ಟೆಗಳು ಪಕ್ಕಕ್ಕೆ ಎಷ್ಟು ಶಕ್ತಿಯನ್ನು ಚೆಲ್ಲಬಹುದೆಂಬುದಕ್ಕೆ ಕಟ್ಟುನಿಟ್ಟಾದ ಮಿತಿಯನ್ನೂ ಕೂಡಿಯೇ ವಿಧಿಸಬೇಕಾಯಿತು.

ಇನ್ನು ಅಜಾಗ್ರತೆಯ ಬಗೆಗಳನ್ನು ನೋಡೋಣ. ಒಂದೇ ಆವರ್ತನದಲ್ಲಿ ಎರಡು ಸಂಕೇತಗಳನ್ನು, ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡಲಾಗಿ ಕಂಪಿಸುವಂತೆ ಕಳುಹಿಸುವ ಪದ್ಧತಿಯುಂಟು. ಇದಕ್ಕೆ ಧ್ರುವೀಕರಣವೆಂದು ಹೆಸರು. ಇದರಿಂದ ಒಂದೇ ದಾರಿಯಲ್ಲಿ ಎರಡು ಗಾಡಿಗಳು ಮುಟ್ಟದೆ ಹೋದಂತಾಗಿ ಸಂಪತ್ತು ಇಮ್ಮಡಿಯಾಗುತ್ತದೆ. ಆದರೆ ತಟ್ಟೆಯ ಮುಂಭಾಗದ ಕೊಂಬನ್ನು ಕೆಲವು ಡಿಗ್ರಿ ಓರೆಯಾಗಿ ಬಿಗಿದರೆ ನೆಟ್ಟಗಿನದು ಅಡ್ಡದರೊಳಕ್ಕೆ ಸೋರುತ್ತದೆ. ಸೋರಿಕೆಯು ಸಾವಿರದಲ್ಲೊಂದು ಪಾಲನ್ನು ಮೀರಬಾರದೆಂಬುದು ಈ ವೃತ್ತಿಯವರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಗುರಿ. ಒಬ್ಬ ಮನುಷ್ಯನು ಸ್ಪ್ಯಾನರನ್ನು ಹಿಡಿದು ಅರ್ಧ ಗಂಟೆ ಹೆಚ್ಚು ನಿಂತರೆ ಈ ಗುರಿ ಸಾಧ್ಯ. ಅವನು ಅವಸರಪಟ್ಟರೆ ಅಪರಿಚಿತನೊಬ್ಬನಿಗೆ ನಷ್ಟ.

ಮತ್ತೊಂದು, ಶಕ್ತಿಯ ದುರಾಶೆ. ಉಪಗ್ರಹದ ಒಂದೇ ಪ್ರಸಾರಕವನ್ನು ಹಲವರು ಹಂಚಿಕೊಂಡಿರುವಾಗ ಒಬ್ಬನು ತನ್ನ ಸಂಕೇತವನ್ನು ನಿಗದಿಗಿಂತ ಜೋರಾಗಿ ಕಳುಹಿಸಿದರೆ, ಅಲ್ಲಿರುವ ಮಿತವಾದ ಶಕ್ತಿಯ ಹೆಚ್ಚಿನ ಪಾಲನ್ನು ಅವನೇ ಕಬಳಿಸುತ್ತಾನೆ, ಉಳಿದವರು ಬಡವಾಗುತ್ತಾರೆ. ಅಷ್ಟೇ ಅಲ್ಲ, ಪ್ರಸಾರಕವನ್ನು ಅದರ ಪೂರ್ಣ ಸಾಮರ್ಥ್ಯದ ಅಂಚಿನವರೆಗೆ ದುಡಿಸಿದಾಗ ಒಳಗಿರುವ ಸಂಕೇತಗಳು ಒಂದಕ್ಕೊಂದು ಬೆರೆತು, ಯಾರೂ ಕಳುಹಿಸದ ಹೊಸ ಸಂಕೇತಗಳು ಹುಟ್ಟಿ, ಪಕ್ಕದ ಆವರ್ತನಗಳಲ್ಲಿ ಕಸವನ್ನು ಚೆಲ್ಲುತ್ತವೆ. ಆದುದರಿಂದಲೇ ತಿಳಿದವರು ಪ್ರಸಾರಕವನ್ನು ಅಂಚಿಗಿಂತ ಒಂದು ಹೆಜ್ಜೆ ಹಿಂದಿರಿಸಿ ನಡೆಯಿಸುತ್ತಾರೆ. ಇನ್ನು ಕೆಲವು ಕಡೆ ಭೂಕೇಂದ್ರದೊಳಗಿನ ಕೇಬಲ್ಲಿನ ಹೊದಿಕೆ ಹರಿದಿದ್ದರೆ, ಅಥವಾ ಜೋಡಣೆ ಸಡಿಲವಾಗಿದ್ದರೆ, ಊರಿನ ಎಫ್.ಎಂ. ಬಾನುಲಿಯ ಹಾಡೇ ಆ ಸಂದಿಯಿಂದ ಒಳಹೊಕ್ಕು, ಉಪಗ್ರಹದವರೆಗೆ ಏರಿ, ಅಲ್ಲಿಂದ ಅರ್ಧ ಖಂಡದ ಮೇಲೆ ಮಳೆಗರೆಯುತ್ತದೆ. ಇದು ವಿನೋದದ ಮಾತಲ್ಲ. ಈ ವೃತ್ತಿಯಲ್ಲಿರುವವರಿಗೆಲ್ಲ ಚಿರಪರಿಚಿತವಾದ ತೊಂದರೆ.

ಬುದ್ಧಿಪೂರ್ವಕವಾದ ಅಪಕಾರವೂ ಇಲ್ಲದಿಲ್ಲ. 1986ರ ಏಪ್ರಿಲ್ 27ರಂದು ಅಮೆರಿಕದಲ್ಲಿ ಎಚ್‌.ಬಿ.ಓ. ಸಂಸ್ಥೆಯ ಚಲನಚಿತ್ರವನ್ನು ನೋಡುತ್ತಿದ್ದವರ ಪರದೆಯ ಮೇಲೆ, ಸಂಸ್ಥೆಯು ವಸೂಲು ಮಾಡುತ್ತಿದ್ದ ಶುಲ್ಕವನ್ನು ಹಳಿಯುವ ಬರಹವೊಂದು ಕೆಲವು ನಿಮಿಷಗಳ ಕಾಲ ಮೂಡಿತು. ಫ್ಲಾರಿಡಾದ ಭೂಕೇಂದ್ರವೊಂದರ ನೌಕರನು ತನ್ನ ಕೈಕೆಳಗಿನ ದೊಡ್ಡ ತಟ್ಟೆಯಿಂದ ಹೆಚ್ಚಿನ ಶಕ್ತಿಯ ಸಂಕೇತವನ್ನು ಕಳುಹಿಸಿ ಮೂಲ ಸಂಕೇತವನ್ನು ಮುಳುಗಿಸಿದ್ದನು. ಆ ಪ್ರಸಂಗದ ಫಲವಾಗಿ, ಮೇಲಕ್ಕೆ ಕಳುಹಿಸುವ ಪ್ರತಿಯೊಂದು ಚಿತ್ರಸಂಕೇತದೊಡನೆ ಕಳುಹಿಸುವವನ ಗುರುತೂ ಇರಬೇಕೆಂಬ ನಿಯಮವು ಆ ದೇಶದಲ್ಲಿ ಬಂದಿತು. ಈ ಗುರುತಿನ ಮಹತ್ತ್ವವನ್ನು ಮುಂದೆ ಹೇಳುತ್ತೇವೆ.

ನೆರೆಯವರು ಕೂಡಿ ನಡೆದರೆ ಎಂಥ ಸಂಕಟವನ್ನೂ ದಾಟಬಹುದೆಂಬುದಕ್ಕೆ 2010ರ ಒಂದು ಘಟನೆಯು ಉತ್ತಮ ನಿದರ್ಶನವಾಗಿದೆ. ಇಂಟೆಲ್‌ಸ್ಯಾಟ್ ಸಂಸ್ಥೆಯ ಗ್ಯಾಲಕ್ಸಿ 15 ಎಂಬ ಉಪಗ್ರಹವು ಪಶ್ಚಿಮ ರೇಖಾಂಶ 133 ಡಿಗ್ರಿಯಲ್ಲಿ ಇತ್ತು. ಆ ವರ್ಷದ ಏಪ್ರಿಲ್ 5ರಂದು ಅದು ಭೂಮಿಯ ಆಜ್ಞೆಗಳಿಗೆ ಕಿವಿಗೊಡುವುದನ್ನು ನಿಲ್ಲಿಸಿತು. ಸತ್ತುಹೋಗಿದ್ದರೆ ಚಿಂತೆಯಿರಲಿಲ್ಲ, ಅದರ ಪ್ರಸಾರಕಗಳು ಮಾತ್ರ ಜೀವಂತವಾಗಿಯೇ ಉಳಿದವು. ಲಗಾಮಿಲ್ಲದ ಕುದುರೆಯಂತೆ ಅದು ನಿಧಾನವಾಗಿ ಪೂರ್ವಕ್ಕೆ ಜರುಗುತ್ತ, 131 ಡಿಗ್ರಿಯಲ್ಲಿದ್ದ ಎಸ್.ಇ.ಎಸ್. ಸಂಸ್ಥೆಯ ಎ.ಎಂ.ಸಿ. 11ರ ಕಡೆಗೆ ನಡೆಯಿತು. ಎರಡರ ಆವರ್ತನಗಳೂ ಒಂದೇ ಆಗಿದ್ದುದರಿಂದ, ಎ.ಎಂ.ಸಿ. 11ಕ್ಕೆಂದು ಕೆಳಗಿನಿಂದ ಕಳುಹಿಸಿದ ಕಾರ್ಯಕ್ರಮವನ್ನು ಈ ಅಲೆಮಾರಿಯೂ ಹಿಡಿದು ಮತ್ತೆ ಕೆಳಕ್ಕೆ ಎರಚುವ ಸಂಭವವಿತ್ತು. ಹಾಗಾಗಿದ್ದರೆ ಅಮೆರಿಕದ ಅನೇಕ ಕೇಬಲ್ ವಾಹಿನಿಗಳು ಕೆಟ್ಟುಹೋಗುತ್ತಿದ್ದವು.

ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳಾದ ಈ ಎರಡು ಸಂಸ್ಥೆಗಳು ಆಗ ಮಾಡಿದುದೇನು? ಅಲೆಮಾರಿಯ ಸ್ಥಾನದ ಲೆಕ್ಕವನ್ನು ಪರಸ್ಪರ ತಿಳಿಸುತ್ತ ಬಂದವು. ಅದು ಸಮೀಪಕ್ಕೆ ಬರುವ ದಿನಗಳಿಗೆಂದು ದೊಡ್ಡ ತಟ್ಟೆಯೊಂದನ್ನು ಉಪಯೋಗಿಸಿ, ಸಂಕೇತವು ತನ್ನ ಗುರಿಯ ಮೇಲೆಯೇ ಕಿರಿದಾಗಿ ಬೀಳುವಂತೆ ನೋಡಿಕೊಂಡವು. ಉಪಗ್ರಹವನ್ನು ತನ್ನ ಅವಕಾಶದೊಳಗೆ ಸಾಧ್ಯವಾದಷ್ಟು ದೂರ ಸರಿಸಲಾಯಿತು. ಫಲವಾಗಿ ನೋಡುಗರಿಗೆ ಏನೂ ತಿಳಿಯದಂತೆಯೇ ಅಪಾಯವು ದಾಟಿಹೋಯಿತು. ಡಿಸೆಂಬರ್ ಕೊನೆಯಲ್ಲಿ ಗ್ಯಾಲಕ್ಸಿ 15ರ ಬ್ಯಾಟರಿ ಪೂರ್ತಿ ಬರಿದಾಗಿ, ಅದರ ಯಂತ್ರವು ತಾನಾಗಿಯೇ ಪುನರಾರಂಭಗೊಂಡು, ಮತ್ತೆ ಆಜ್ಞೆಗೆ ಒಳಪಟ್ಟಿತು. ಇಲ್ಲಿ ಹೊಸ ಯಂತ್ರವನ್ನು ಯಾರೂ ಕಂಡುಹಿಡಿಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇದ್ದ ಯಂತ್ರಗಳನ್ನೇ ಮುಂದಾಲೋಚನೆಯಿಂದಲೂ ಸ್ನೇಹದಿಂದಲೂ ಉಪಯೋಗಿಸಿದರು.

ಇಷ್ಟು ಹೇಳಿದ ಮೇಲೆ ಪರಿಹಾರಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ತಟ್ಟೆಯ ಅಂಚು ಡೊಂಕಾಗದಂತೆ ಕಾಪಾಡುವುದು, ಪಕ್ಕಕ್ಕೆ ಚೆಲ್ಲುವ ಶಕ್ತಿಯ ಮಿತಿಯನ್ನು ಪಾಲಿಸುವುದು, ಹೊಸ ಕೇಂದ್ರವು ಕೆಲಸ ಆರಂಭಿಸುವ ಮೊದಲು ನಿಯಂತ್ರಣ ಕೇಂದ್ರದೊಡನೆ ಮಾತಾಡುತ್ತ ದಿಕ್ಕು, ಧ್ರುವೀಕರಣ, ಶಕ್ತಿ ಈ ಮೂರನ್ನೂ ಪರೀಕ್ಷಿಸಿಕೊಳ್ಳುವುದು, ಇವು ಮೊದಲನೆಯ ವರ್ಗದವು. ಎರಡನೆಯ ವರ್ಗದಲ್ಲಿ ಅಪರಾಧಿಯನ್ನು ಪತ್ತೆಹಚ್ಚುವ ಉಪಾಯಗಳು ಬರುತ್ತವೆ. ಭೂಮಿಯ ಮೇಲಿನ ಒಂದು ತಟ್ಟೆಯಿಂದ ಹೊರಟ ಸಂಕೇತವು ತನ್ನ ಗುರಿಯಾದ ಉಪಗ್ರಹವನ್ನಲ್ಲದೆ ಪಕ್ಕದ ಉಪಗ್ರಹವನ್ನೂ ಕ್ಷೀಣವಾಗಿ ಮುಟ್ಟುತ್ತದೆ. ಎರಡೂ ದಾರಿಗಳಲ್ಲಿ ಅದು ಬಂದು ತಲಪುವ ಕಾಲದ ವ್ಯತ್ಯಾಸವನ್ನೂ ಆವರ್ತನದ ವ್ಯತ್ಯಾಸವನ್ನೂ ಅಳೆದರೆ ಭೂಪಟದ ಮೇಲೆ ಎರಡು ಗೆರೆಗಳು ದೊರೆಯುತ್ತವೆ. ಅವು ಕೂಡುವ ಸ್ಥಳವೇ ಅಡಚಣೆಯ ಮೂಲ. ಇದಕ್ಕಿಂತ ಸುಲಭವಾದುದು ಗುರುತಿನ ಪದ್ಧತಿ. 2013ರಲ್ಲಿ ಯೂರೋಪಿನಲ್ಲಿ ಪ್ರಮಾಣೀಕರಿಸಲ್ಪಟ್ಟ ಕ್ರಮದ ಪ್ರಕಾರ, ಪ್ರತಿಯೊಂದು ಪ್ರಸಾರ ಯಂತ್ರದ ವಿಶಿಷ್ಟ ಸಂಖ್ಯೆಯನ್ನು ಮೂಲ ಸಂಕೇತದ ಅಡಿಯಲ್ಲಿ, ಅದಕ್ಕೆ ಬಾಧೆಯಾಗದಷ್ಟು ಮೆಲ್ಲಗೆ, ಹರಡಿ ಕಳುಹಿಸಬಹುದು. ಅಡಚಣೆಯಾದೊಡನೆ ಆ ಸಂಖ್ಯೆಯನ್ನು ಓದಿ ಸಂಬಂಧಪಟ್ಟವರಿಗೆ ದೂರವಾಣಿ ಮಾಡಿದರೆ ಆಯಿತು. ದಿನಗಟ್ಟಲೆ ಹುಡುಕಬೇಕಾಗಿದ್ದ ತಪ್ಪು ನಿಮಿಷಗಳಲ್ಲಿ ಸರಿಹೋಗುತ್ತದೆ. ಗಾಡಿಗೆ ಸಂಖ್ಯೆಯ ಫಲಕವಿರಬೇಕೆಂದು ವಿಧಿಸುವ ಸರಕಾರಗಳು ಇದನ್ನು ವಿಧಿಸುವುದಕ್ಕೆ ಹಿಂಜರಿಯುವುದೇಕೆ?

ಅಂತರಿಕ್ಷದ ನೆರೆಯವರ ಮಾತಾಯಿತು. ನೆಲದ ಮೇಲಿನ ನೆರೆಯವನು ಈಗ ಅದಕ್ಕಿಂತಲೂ ಸಮೀಪನಾಗಿದ್ದಾನೆ. ನಮ್ಮ ದೇಶದಲ್ಲಿ ವಾಹಿನಿಗಳಿಂದ ಕೇಬಲ್ ಕೇಂದ್ರಗಳಿಗೆ ಕಾರ್ಯಕ್ರಮವು ಇಳಿಯುವುದು ಹೆಚ್ಚಾಗಿ 3,700ರಿಂದ 4,200 ಮೆಗಾಹರ್ಟ್ಸಿನ ಪಟ್ಟಿಯಲ್ಲಿ. ಹೆಚ್ಚಿನ ಆವರ್ತನದ ಪಟ್ಟಿಗಳು ಜಡಿಮಳೆಯಲ್ಲಿ ಕುಂದುತ್ತವೆ. ಈ ಪಟ್ಟಿಯಾದರೋ ಮುಂಗಾರನ್ನು ಲಕ್ಷಿಸದೆ ನಡೆಯುತ್ತದೆ. ಆದುದರಿಂದ ಮಳೆಗಾಲದ ನಾಡಿಗೆ ಇದು ಅಮೂಲ್ಯವಾದುದು. 2022ರಲ್ಲಿ ಸರಕಾರವು ಇದರ ಪಕ್ಕದ 3,300ರಿಂದ 3,670 ಮೆಗಾಹರ್ಟ್ಸಿನ ಪಟ್ಟಿಯನ್ನು ಐದನೆಯ ತಲೆಮಾರಿನ ಸಂಚಾರಿ ದೂರವಾಣಿಗೆ ಹರಾಜಿನಲ್ಲಿ ಕೊಟ್ಟಿತು. ನಡುವೆ ಉಳಿದುದು 30 ಮೆಗಾಹರ್ಟ್ಸಿನ ಬದು. ಗದ್ದೆಗಳ ನಡುವೆ ಬದು ಇದ್ದರೂ ನೀರು ಜಿನುಗುವಂತೆ, ಇಲ್ಲಿಯೂ ಜಿನುಗುವಿಕೆ ಉಂಟು. ತಟ್ಟೆಯ ಮೂತಿಯಲ್ಲಿರುವ ಗ್ರಾಹಕವು ಹಿಂದಿನ ಕಾಲದಲ್ಲಿ ಹೆಚ್ಚು ವಿಶಾಲವಾದ ಪಟ್ಟಿಯನ್ನು ಹಿಡಿಯುವಂತೆ ರಚಿತವಾದುದು. ಸಮೀಪದ ಗೋಪುರದ ಪ್ರಬಲವಾದ ಸಂಕೇತವು ಅದರೊಳಕ್ಕೆ ನುಗ್ಗಿದರೆ, ಆವರ್ತನ ಬೇರೆಯಾಗಿದ್ದರೂ ಗ್ರಾಹಕವು ತತ್ತರಿಸಿ ಕಿವುಡಾಗುತ್ತದೆ. ಗ್ರಾಹಕದ ಮುಂದೆ ಒಂದು ಫಿಲ್ಟರನ್ನು, ಎಂದರೆ ಬೇಕಾದ ಪಟ್ಟಿಯನ್ನು ಮಾತ್ರ ಸೋಸಿ ಒಳಬಿಡುವ ಲೋಹದ ಕೊಳವೆಯನ್ನು, ಜೋಡಿಸುವುದೇ ಇದಕ್ಕೆ ಮದ್ದು. ಗೋಪುರದ ಕಡೆಗೆ ತಡೆಗೋಡೆಯೋ ತಂತಿಬಲೆಯೋ ಇದ್ದರೆ ಇನ್ನೂ ಉತ್ತಮ. ದೊಡ್ಡ ವಾಹಿನಿಗಳಿಗೆ ಈ ವೆಚ್ಚವು ಲೆಕ್ಕಕ್ಕಿಲ್ಲ. ತಾಲ್ಲೂಕಿನ ಸಣ್ಣ ಕೇಬಲ್ಲಿನವನಿಗೆ ಅದು ಭಾರವೇ. ಗೋಪುರವನ್ನು ನಿಲ್ಲಿಸುವವರು ನಿಲ್ಲಿಸುವ ಮೊದಲೇ ಸುತ್ತಲಿನ ತಟ್ಟೆಗಳ ವಿಚಾರ ಮಾಡಬೇಕೆಂಬುದು ನ್ಯಾಯ.

ಹಾಗಾದರೆ ಈ ನೆರೆಹೊರೆಗೆಲ್ಲ ನ್ಯಾಯ ಹೇಳತಕ್ಕವರು ಯಾರು? ನಮ್ಮ ಹಳ್ಳಿಯ ಕೆರೆಗಳಿಗೆ ನೀರುಗಂಟಿಯೆಂಬವನಿದ್ದನು. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರೆಂಬುದು ಅವನ ಕೈಯಲ್ಲಿತ್ತು. ತೂಬನ್ನು ಎತ್ತುವವನೂ ಮುಚ್ಚುವವನೂ ಅವನೇ. ಅಂತರಿಕ್ಷದ ಕೆರೆಗೆ ನೀರುಗಂಟಿಯೆಂದರೆ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. 1865ರಲ್ಲಿ ತಂತಿವಾರ್ತೆಗಾಗಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಭಾರತವು 1869ರಿಂದಲೂ ಸದಸ್ಯವಾಗಿದೆ. ಹೊಸ ಉಪಗ್ರಹವನ್ನು ಇಡಬೇಕೆನ್ನುವ ದೇಶವು ಮುಂಚಿತವಾಗಿ ಒಕ್ಕೂಟಕ್ಕೆ ತಿಳಿಸಬೇಕು. ಅದರಿಂದ ಹಳೆಯ ಉಪಗ್ರಹದ ಗ್ರಹಣಕ್ಕೆ ಸೇರುವ ಗದ್ದಲವು ಶೇಕಡಾ 6ನ್ನು ಮೀರುವಂತಿದ್ದರೆ, ಸಾಮಾನ್ಯವಾಗಿ ಎರಡು ದೇಶಗಳೂ ಕುಳಿತು ಮಾತಾಡಿ ಒಪ್ಪಂದಕ್ಕೆ ಬರಬೇಕು. ಮೊದಲು ಬಂದವನಿಗೆ ಮೊದಲ ಹಕ್ಕೆಂಬುದು ಇಲ್ಲಿಯ ಮುಖ್ಯ ನಿಯಮ. ಶ್ರೀಮಂತ ದೇಶಗಳೇ ಮೊದಲು ಬಂದುವೆಂಬುದನ್ನು ಹೇಳಬೇಕಾಗಿಲ್ಲ. 1976ರಲ್ಲಿ ಬೊಗೋಟಾದಲ್ಲಿ ಭೂಮಧ್ಯರೇಖೆಯ ಎಂಟು ದೇಶಗಳು ಕೂಡಿ, ತಮ್ಮ ನೆತ್ತಿಯ ಮೇಲಿನ ಕಕ್ಷೆಯು ತಮ್ಮದೆಂದು ಸಾರಿದವು. ಆ ವಾದವನ್ನು ಲೋಕವು ಒಪ್ಪಲಿಲ್ಲ. ಆದರೂ ತಡವಾಗಿ ಬರುವ ರಾಷ್ಟ್ರಗಳ ಅಳಲು ವ್ಯರ್ಥವಾಗಲಿಲ್ಲ. 1988ರಲ್ಲಿ ಪ್ರತಿಯೊಂದು ದೇಶಕ್ಕೂ ಕೆಲವು ಆವರ್ತನಗಳಲ್ಲಿ ಒಂದು ಸ್ಥಾನವನ್ನು ಕಾದಿರಿಸುವ ಯೋಜನೆಯು ಅಂಗೀಕೃತವಾಯಿತು.

ಆದರೆ ಈ ನೀರುಗಂಟಿಯ ಕೈಯಲ್ಲಿ ಕೋಲಿಲ್ಲ. ಪಾರಸಿ ಭಾಷೆಯ ಪ್ರಸಾರಗಳನ್ನು ಕೆಡಿಸುವ ಸಂಕೇತಗಳು ಇರಾನಿನ ನೆಲದಿಂದ ಬರುತ್ತಿರುವ ಕುರಿತು ದೂರು ಬಂದಾಗ, 2010ರ ಮಾರ್ಚ್ ತಿಂಗಳಲ್ಲಿ ಒಕ್ಕೂಟದ ಮಂಡಳಿಯು ಅದನ್ನು ನಿಲ್ಲಿಸಬೇಕೆಂದು ಆ ದೇಶವನ್ನು ಕೇಳಿಕೊಂಡಿತು. ಉಪಟಳವು ಅನಂತರವೂ ಕಾಣಿಸಿಕೊಂಡಿತು. ದಂಡಿಸುವ ಅಧಿಕಾರವಿಲ್ಲದ ಕಡೆ ಪಾಲಿಸುವ ಬುದ್ಧಿಯೇ ಶಾಸನ.

ಈ ಬುದ್ಧಿಗೆ ಮುಂದಿನ ವರ್ಷಗಳು ಕಠಿಣವಾದ ಪರೀಕ್ಷೆಯನ್ನೊಡ್ಡಲಿವೆ. ಭೂಮಿಯಿಂದ ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಣ್ಣ ಉಪಗ್ರಹಗಳು ಈಗ ಸುತ್ತುತ್ತಿವೆ. ನಿಂತಂತೆ ತೋರುವ ಉಪಗ್ರಹಕ್ಕೂ ಅದನ್ನು ನೋಡುವ ತಟ್ಟೆಗೂ ನಡುವೆ ಅವು ಹಾದುಹೋಗುವಾಗ ಬಾಧೆಯಾಗದಂತೆ, ಅವು ಚೆಲ್ಲಬಹುದಾದ ಶಕ್ತಿಗೆ 2000ದ ಇಸವಿಯಲ್ಲಿ ಇಸ್ತಾಂಬುಲಿನಲ್ಲಿ ಸೇರಿದ ಜಾಗತಿಕ ಸಮ್ಮೇಳನವು ಮಿತಿಗಳನ್ನು ನಿರ್ಣಯಿಸಿತು. ಅಂಥ ಕ್ಷಣದಲ್ಲಿ ಆ ದಾರಿಹೋಕ ಉಪಗ್ರಹವು ಮೌನ ವಹಿಸಿ, ಓರೆಯಾಗಿರುವ ತನ್ನ ಸಂಗಾತಿಗೆ ಕೆಲಸವನ್ನು ಒಪ್ಪಿಸಬೇಕು. ಮಿತಿಗಳು ತೀರ ಬಿಗಿಯಾಗಿವೆಯೆಂದು ಹೊಸಬರೂ, ಸಡಿಲಿಸಿದರೆ ಕೆಟ್ಟೆವೆಂದು ಹಳಬರೂ ವಾದಿಸುತ್ತಿದ್ದಾರೆ. ನಮ್ಮ 2023ರ ದೂರಸಂಪರ್ಕ ಅಧಿನಿಯಮವು ಉಪಗ್ರಹ ಸೇವೆಯ ಆವರ್ತನಗಳನ್ನು ಹರಾಜಿಲ್ಲದೆ ಆಡಳಿತಕ್ರಮದಿಂದ ಕೊಡಲು ಅವಕಾಶ ಮಾಡಿದೆ. ಒಂದೇ ಆವರ್ತನವನ್ನು ಹಲವರು ಹಂಚಿಕೊಳ್ಳಬಹುದೆಂಬುದೇ ಇದರ ಸಮರ್ಥನೆ. ಹಾಗಿದ್ದಲ್ಲಿ ಹಂಚಿಕೊಳ್ಳುವ ಶಿಸ್ತನ್ನು ಕಾಯುವ ಹೊಣೆಯೂ ಕೊಡುವವರದೇ ಅಲ್ಲವೇ?

ಕರ್ನಾಟಕಕ್ಕೆ ಈ ವಿಷಯವು ಹೊರಗಿನದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ಭಾರತದ 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ತಂತಿಬಲೆಯಿಂದ ಹೆಣೆದ ಮೂರು ಮೀಟರಿನ ತಟ್ಟೆಯು ಅಂದು ಸಾಕಾಗಿತ್ತು. ಏಕೆಂದರೆ ಆಕಾಶದಲ್ಲಿ ನೆರೆಯವರೇ ವಿರಳವಾಗಿದ್ದರು. 1982ರಿಂದ ಹಾಸನದ ನಿಯಂತ್ರಣ ಕೇಂದ್ರವು ದೇಶದ ಉಪಗ್ರಹಗಳ ಸ್ಥಾನವನ್ನು ಹಗಲಿರುಳೂ ಕಾಯುತ್ತ ಬಂದಿದೆ. ಆ ಕೇಂದ್ರದವರು ಉಪಗ್ರಹವನ್ನು ತನ್ನ ಅಂಗಳದೊಳಗೆ ಎಷ್ಟೇ ನಿಷ್ಠೆಯಿಂದ ನಿಲ್ಲಿಸಿದರೂ, ಕೆಳಗೆ ತಟ್ಟೆ ಕಟ್ಟುವವನು ಅಡ್ಡಾದಿಡ್ಡಿಯಾಗಿ ಕಟ್ಟಿದರೆ ಅವರ ಶ್ರಮವು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆದುದರಿಂದ ನಾವು ಅಧಿಕಾರಿವರ್ಗದ ಮುಂದೆ ಇಡತಕ್ಕ ಸೂಚನೆಗಳು ಮೂರು. ಸಂಕೇತವನ್ನು ಮೇಲಕ್ಕೆ ಕಳುಹಿಸುವ ತಟ್ಟೆಯನ್ನು ಕಟ್ಟುವ ಕೆಲಸವನ್ನು ತರಬೇತಿ ಹೊಂದಿ ಪ್ರಮಾಣಪತ್ರ ಪಡೆದವರಿಗೇ ಒಪ್ಪಿಸಬೇಕು. ನಮ್ಮ ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಇದಕ್ಕೊಂದು ಪಾಠಕ್ರಮವನ್ನು ತೆರೆಯುವುದು ಅಸಾಧ್ಯವೇನಲ್ಲ. ಪ್ರತಿಯೊಂದು ಪ್ರಸಾರ ಯಂತ್ರಕ್ಕೂ ಗುರುತಿನ ಸಂಖ್ಯೆಯನ್ನು ಕಡ್ಡಾಯ ಮಾಡಬೇಕು. ಅಡಚಣೆಯ ಪ್ರಸಂಗಗಳನ್ನು ಮುಚ್ಚಿಡದೆ, ಕಾರಣಸಹಿತವಾಗಿ ಕಾಲಕಾಲಕ್ಕೆ ಪ್ರಕಟಿಸಬೇಕು; ತಪ್ಪನ್ನು ಬಚ್ಚಿಡುವಲ್ಲಿ ತಿದ್ದುವುದಕ್ಕೆ ಅವಕಾಶವಿರುವುದಿಲ್ಲ. ಇವುಗಳಲ್ಲಿ ಒಂದಕ್ಕಾದರೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ಉಪಗ್ರಹವನ್ನು ಮೇಲಕ್ಕೆ ಕಳುಹಿಸಿದ ದಿನ ನಾವೆಲ್ಲರೂ ಹರ್ಷಪಡುತ್ತೇವೆ; ಪಡತಕ್ಕದ್ದೇ ಸರಿ. ಆದರೆ ಬೆಟ್ಟದ ಮೇಲಿನ ದೊಡ್ಡ ಕೆರೆಯು ತುಂಬಿದ್ದರೂ ಕಾಲುವೆಯ ಬದಿಯಲ್ಲಿರುವವನೊಬ್ಬನು ಮಡುವನ್ನು ಒಡೆದರೆ ತುದಿಯ ಗದ್ದೆಯು ಒಣಗುತ್ತದೆ. ತುದಿಯ ಗದ್ದೆಯಾದ ಗ್ರಾಮಾಂತರದ ಬ್ಯಾಂಕಿನ ಮುಂದೆ ‘ನಾಳೆ ಬನ್ನಿ’ ಎಂಬ ಮಾತನ್ನು ಕೇಳಿ ಹಿಂದಿರುಗುವ ರೈತನು ಈ ಲೆಕ್ಕವನ್ನೆಲ್ಲ ಅರಿಯನು. ಅರಿತವರು ಅವನ ಪರವಾಗಿ ಎಚ್ಚರವಾಗಿರಬೇಕು.